ಬಾಗಿಲ ಹೊರಗಿನ ಹತ್ತು ನಿಮಿಷ

ಅಮೆರಿಕದ ಈಶಾನ್ಯ ಭಾಗದಲ್ಲಿ ಫೆಬ್ರವರಿ ತಿಂಗಳು ಕೊರೆಯುವ ಚಳಿಯ ಕಾಲ. ನ್ಯೂಯಾರ್ಕಿನ ಜೂಲಿಯರ್ಡ್, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ, ರಾಚೆಸ್ಟರಿನ ಈಸ್ಟ್‌ಮನ್ ಮೊದಲಾದ ಸಂಗೀತ ವಿದ್ಯಾಲಯಗಳು ಪ್ರವೇಶ ಪರೀಕ್ಷೆಗಳನ್ನು ನಡೆಸುವುದು ಈ ಚಳಿಯ ತಿಂಗಳುಗಳಲ್ಲಿಯೇ. ಅವುಗಳ ಪಡಸಾಲೆಗಳಲ್ಲಿ ಆಗ ಕಾಣುವ ನೋಟ ಎಲ್ಲೆಡೆಯೂ ಒಂದೇ. ಹದಿನೇಳು ಹದಿನೆಂಟು ವರ್ಷದ ಹುಡುಗ ಹುಡುಗಿಯರು ವಾದ್ಯದ ಪೆಟ್ಟಿಗೆಗಳನ್ನು ತೊಡೆಯ ಮೇಲಿರಿಸಿಕೊಂಡು ಗೋಡೆಗೆ ಒರಗಿ ಕುಳಿತಿರುತ್ತಾರೆ. ಪಕ್ಕದಲ್ಲಿ ತಾಯಿಯೋ ತಂದೆಯೋ ಇರುತ್ತಾರೆ. ಹೆಸರು ಕರೆದ ಮೇಲೆ ಒಳಗೆ ಕಳೆಯುವ ಕಾಲ ಹತ್ತು ಹದಿನೈದು ನಿಮಿಷಗಳಿಗಿಂತ ಹೆಚ್ಚಲ್ಲ. ಹತ್ತು ಹನ್ನೆರಡು ವರ್ಷಗಳ ಸಾಧನೆಯನ್ನು ಆ ಅವಧಿಯಲ್ಲಿ ತೋರಿಸಬೇಕು.

ಸ್ಪರ್ಧೆ ಎಷ್ಟು ಬಿಗಿಯಾದದ್ದೆಂಬುದಕ್ಕೆ ಫಿಲಡೆಲ್ಫಿಯದ ಕರ್ಟಿಸ್ ಸಂಸ್ಥೆಯನ್ನು ನೋಡಬಹುದು. ೧೯೨೪ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ೧೯೨೮ರಿಂದ ತನ್ನ ವಿದ್ಯಾರ್ಥಿಗಳಿಂದ ಬೋಧನ ಶುಲ್ಕವನ್ನೇ ಪಡೆಯುತ್ತಿಲ್ಲ. ಅಲ್ಲಿ ಓದುವವರ ಒಟ್ಟು ಸಂಖ್ಯೆ ಸುಮಾರು ೧೬೦. ಹಳೆಯ ಪಿಟೀಲು ವಿದ್ಯಾರ್ಥಿ ಹೊರಟರೆ ಹೊಸಬನಿಗೆ ಎಡೆ ಎಂಬುದು ಬಹುಮಟ್ಟಿಗೆ ಅಲ್ಲಿಯ ಲೆಕ್ಕ.

ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಕುಳಿತವರಿಗೆ ಬಾಗಿಲ ಹೊರಗಿನ ಆ ಕ್ಷಣಗಳ ಅನುಭವ ಇದ್ದೇ ಇರುತ್ತದೆ. ಮುಂದೆ ತಮ್ಮನನ್ನೋ ತಂಗಿಯನ್ನೋ ಇಂತಹ ಬಾಗಿಲಿನವರೆಗೆ ಕರೆದೊಯ್ಯಬೇಕಾದವರೂ ಅವರೇ. ಜೊತೆಗೆ ಹೋದವರು ನಿಜವಾಗಿ ಯಾವ ಸಹಾಯ ಮಾಡಬಲ್ಲರು? ಯಾವುದು ಸಹಾಯದಂತೆ ತೋರಿದರೂ ಹಾನಿಕರ? ಈ ಪ್ರಶ್ನೆಗಳಿಗೆ ಶರೀರಶಾಸ್ತ್ರ, ಮನಶ್ಶಾಸ್ತ್ರ ಹಾಗೂ ಭೌತಶಾಸ್ತ್ರಗಳು ಕೊಡುವ ಉತ್ತರವನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ನಡುಕದ ಮಾತು. ನಮ್ಮ ಹಿರಿಯರು ಇದಕ್ಕೆ ಸಭಾಕಂಪವೆಂದು ಹೆಸರಿಟ್ಟರು. ಈ ಹೆಸರು ಬಹು ಸಮರ್ಪಕವಾದದ್ದು; ಏಕೆಂದರೆ ಇದು ಮನಸ್ಸಿನ ಅಂಜಿಕೆ ಮಾತ್ರವಲ್ಲ, ನಿಜವಾಗಿಯೂ ಕಂಪನವೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯವನ್ನು ಕಂಡ ಪ್ರಾಣಿಯ ಶರೀರ ಹೋರಾಟಕ್ಕೋ ಪಲಾಯನಕ್ಕೋ ಹೇಗೆ ಸಿದ್ಧವಾಗುತ್ತದೆಂಬುದನ್ನು ವಿವರಿಸಿದನು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ನಿಮಿಷಕ್ಕೆ ೭೦ರ ಆಸುಪಾಸಿನಲ್ಲಿದ್ದ ಹೃದಯದ ಬಡಿತ ೧೦೦ನ್ನು ಮೀರುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿತವಾಗಿ ರಕ್ತವು ದೊಡ್ಡ ಸ್ನಾಯುಗಳ ಕಡೆಗೆ ಹರಿಯುತ್ತದೆ. ಆದುದರಿಂದ ಬೆರಳುಗಳು ತಣ್ಣಗಾಗುತ್ತವೆ. ಬಾಯಿಯಲ್ಲಿ ಜೊಲ್ಲು ಒಣಗುತ್ತದೆ. ಹುಲಿಯಿಂದ ಓಡುವವನಿಗೆ ಇವೆಲ್ಲ ಉಪಕಾರಿಯೇ. ಕೊಳಲು ಊದಬೇಕಾದವಳಿಗೆ ಒಣಗಿದ ತುಟಿಯಿಂದಾಗುವ ಪ್ರಯೋಜನವೇನು?

ಆರೋಗ್ಯವಂತನ ಕೈ ಕೂಡ ಸದಾ ಸೆಕೆಂಡಿಗೆ ಎಂಟರಿಂದ ಹನ್ನೆರಡು ಬಾರಿ ಅತಿ ಸೂಕ್ಷ್ಮವಾಗಿ ಅದುರುತ್ತಲೇ ಇರುತ್ತದೆ. ಬರಿಗಣ್ಣಿಗೆ ಅದು ಕಾಣದು. ಅಡ್ರಿನಲಿನ್ ಸ್ನಾಯುಗಳ ಮೇಲೆ ವರ್ತಿಸಿ ಈ ಅದುರನ್ನು ದೊಡ್ಡದು ಮಾಡುತ್ತದೆ. ಪಿಟೀಲಿನ ಕಮಾನನ್ನು ಮೆಲ್ಲಗೆ ಎಳೆದು ಒಂದೇ ಸ್ವರವನ್ನು ದೀರ್ಘವಾಗಿ ನುಡಿಸುವಾಗ ಅದು ತಂತಿಯ ಮೇಲೆ ಕುಣಿಯುವುದು ಈ ಕಾರಣದಿಂದಲೇ. ದ್ರುತಗತಿಯ ಭಾಗಗಳಲ್ಲಿ ನಡುಕ ಮರೆಯಾಗುತ್ತದೆ, ವಿಳಂಬದಲ್ಲಿ ಬಯಲಾಗುತ್ತದೆ. ಕಷ್ಟವಾದ ಭಾಗವನ್ನು ಸುಲಭವಾಗಿ ದಾಟಿದವನು ಸುಲಭವಾದ ಭಾಗದಲ್ಲಿ ಎಡವುವುದನ್ನು ಕಂಡು ಆಶ್ಚರ್ಯಪಡಬೇಕಾದುದಿಲ್ಲ.

ಹಾಗಾದರೆ ಉದ್ವೇಗವೇ ಇಲ್ಲದಿದ್ದರೆ ಒಳಿತೆ? ಅಲ್ಲವೆಂದು ತೋರುತ್ತದೆ. ೧೯೦೮ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಎಂಬವರು ಇಲಿಗಳಿಗೆ ಎರಡು ಪೆಟ್ಟಿಗೆಗಳ ಭೇದವನ್ನು ಕಲಿಸುತ್ತ, ತಪ್ಪಿದಾಗ ವಿದ್ಯುತ್ತಿನ ಆಘಾತ ಕೊಟ್ಟು ಪರೀಕ್ಷಿಸಿದರು. ಭೇದ ಸುಲಭವಾಗಿದ್ದಾಗ ಬಲವಾದ ಆಘಾತ ಕಲಿಕೆಗೆ ನೆರವಾಯಿತು. ಸೂಕ್ಷ್ಮವಾಗಿದ್ದಾಗ ಮಧ್ಯಮ ಪ್ರಮಾಣದ ಆಘಾತವೇ ಲೇಸಾಯಿತು. ಇಲಿಯಿಂದ ಮನುಷ್ಯನಿಗೆ ಹಾರುವಾಗ ಎಚ್ಚರಿಕೆ ಬೇಕು, ನಿಜ. ಆದರೂ ಭಾರ ಎತ್ತುವವನಿಗೆ ಒದಗುವ ಉದ್ವೇಗ ಬೆರಳ ತುದಿಯ ಕೆಲಸದವನಿಗೆ ಒದಗದೆಂಬುದು ನಮ್ಮ ಅನುಭವಕ್ಕೂ ಹೊಂದುವ ಮಾತು.

ಔಷಧದಿಂದ ನಡುಕವನ್ನು ತಡೆಯಬಹುದೆ? ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುವ ಔಷಧಗಳನ್ನು ಜೇಮ್ಸ್ ಬ್ಲ್ಯಾಕ್ ೧೯೬೦ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ರೂಪಿಸಿದನು. ೧೯೮೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಬಂದಿತು. ೧೯೭೭ರಲ್ಲಿ ಇಂಗ್ಲೆಂಡಿನ ವೈದ್ಯರು ೨೪ ಮಂದಿ ತಂತಿವಾದ್ಯಗಾರರಿಗೆ ಇಂತಹ ಒಂದು ಔಷಧವನ್ನು ಕೊಟ್ಟು ನೋಡಿದಾಗ ಹೆಚ್ಚು ಅಂಜುವವರ ವಾದನ ಉತ್ತಮಗೊಂಡಿತು. ಇಂದು ವೃತ್ತಿಪರ ವಾದಕರಲ್ಲಿ ಇದರ ಬಳಕೆ ಗುಟ್ಟೇನೂ ಅಲ್ಲ. ಆದರೆ ಉಬ್ಬಸವುಳ್ಳವರಿಗೆ ಇವು ಪ್ರಾಣಾಪಾಯ ತರಬಲ್ಲವು. ಮನೆಯ ಹಿರಿಯರ ರಕ್ತದೊತ್ತಡದ ಮಾತ್ರೆಯಲ್ಲಿ ಒಂದನ್ನು ಮುರಿದು ಮಗುವಿಗೆ ಕೊಡುವುದು ಸಹಾಯವಲ್ಲ, ಅವಿವೇಕ.

ಮಾತ್ರೆಯಿಲ್ಲದ ಒಂದು ಉಪಾಯವುಂಟು. ೨೦೧೪ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಕೆಲವರನ್ನು ಅಪರಿಚಿತರ ಮುಂದೆ ಹಾಡಿಸಿ, ಶ್ರುತಿ ಲಯಗಳನ್ನು ಯಂತ್ರದಿಂದ ಅಳೆದಳು. ಹಾಡುವ ಮುನ್ನ ‘ನನಗೆ ಭಯವಾಗುತ್ತಿದೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಹೇಳಿಕೊಂಡವರು ಚೆನ್ನಾಗಿ ಹಾಡಿದರು. ಎದೆಬಡಿತ ಇಳಿದುದರಿಂದಲ್ಲ, ಅದೇ ಬಡಿತಕ್ಕೆ ಮತ್ತೊಂದು ಅರ್ಥ ದೊರೆತುದರಿಂದ. ‘ಹೆದರಬೇಡ, ಶಾಂತನಾಗಿರು’ ಎಂಬ ನಮ್ಮ ವಾಡಿಕೆಯ ಬುದ್ಧಿವಾದ ಏಕೆ ಫಲಿಸುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಓಡುತ್ತಿರುವ ಕುದುರೆಯನ್ನು ನಿಲ್ಲಿಸುವುದಕ್ಕಿಂತ ದಾರಿಗೆ ತಿರುಗಿಸುವುದು ಸುಲಭ.

ಬಾಗಿಲ ಬಳಿಯ ಬುದ್ಧಿವಾದದಲ್ಲಿ ಇದಕ್ಕಿಂತಲೂ ಕೆಡುಕಾದದ್ದೊಂದಿದೆ. ‘ಮೊಣಕೈ ಮೇಲಿರಲಿ’, ‘ಮೂರನೆಯ ಸಾಲಿನಲ್ಲಿ ನಾಲ್ಕನೆಯ ಬೆರಳು ಮರೆಯಬೇಡ’. ಇವು ಪ್ರೀತಿಯಿಂದಲೇ ಹೊರಡುವ ಮಾತುಗಳು. ಆದರೆ ಚೆನ್ನಾಗಿ ರೂಢಿಯಾದ ಚಲನೆ ನಮ್ಮ ಗಮನವಿಲ್ಲದೆಯೇ ನಡೆಯುವುದು. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯನ್ನೂ ಕುರಿತು ಯೋಚಿಸಿದವನು ಮುಗ್ಗರಿಸುತ್ತಾನೆ. ಗಾಲ್ಫ್ ಆಟಗಾರರ ಮೇಲೆ ಸಿಯಾನ್ ಬೈಲಾಕ್ ೨೦೦೦ದ ಆಚೀಚೆ ನಡೆಸಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡುಬಂದಿತು: ತಮ್ಮ ಕೈಯ ಚಲನೆಯನ್ನು ಗಮನಿಸುವಂತೆ ಹೇಳಿದಾಗ ಹೊಸಬರಿಗಲ್ಲ, ನುರಿತವರಿಗೇ ಗುರಿ ತಪ್ಪಿತು. ಮೊಣಕೈಯ ಮಾತನ್ನು ಆಡಲು ಹಿಂದಿನ ತಿಂಗಳುಗಳಿದ್ದವು. ಪಡಸಾಲೆ ಅದಕ್ಕೆ ತಕ್ಕ ಸ್ಥಳವಲ್ಲ.

ಇನ್ನು ವಾದ್ಯದ ವಿಚಾರ. ಹಿರಿಯರ ನೆರವಿಗೆ ನಿಜವಾದ ಅವಕಾಶವಿರುವುದು ಇಲ್ಲಿ, ಮತ್ತು ಇದನ್ನು ಮರೆಯುವವರೇ ಹೆಚ್ಚು. ಮಳೆಗಾಲದ ಸಂಜೆ ಮೃದಂಗದ ಶ್ರುತಿ ಇಳಿಯುವುದನ್ನು ನಾವು ಕಂಡಿದ್ದೇವೆ. ಅಮೆರಿಕದ ಚಳಿಗಾಲದ ತೊಂದರೆ ಇದಕ್ಕೆ ವಿಪರೀತವಾದದ್ದು. ಸೊನ್ನೆಗಿಂತ ೧೦ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ಗಾಳಿ ಘನಮೀಟರಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು ನೀರಾವಿಯನ್ನು ಮಾತ್ರ ಹಿಡಿದಿಡಬಲ್ಲದು. ಅದೇ ಗಾಳಿಯನ್ನು ಕೊಠಡಿಯೊಳಗೆ ತಂದು ೨೦ ಡಿಗ್ರಿಗೆ ಕಾಯಿಸಿದರೆ ಅದಕ್ಕೆ ೧೭ ಗ್ರಾಮಿನಷ್ಟು ಹಿಡಿಯುವ ಶಕ್ತಿ ಬರುತ್ತದೆ. ಒಳಗಿರುವುದು ಮಾತ್ರ ಹಿಂದಿನ ಎರಡು ಗ್ರಾಮೇ. ಎಂದರೆ ಆರ್ದ್ರತೆ ಏಳರಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಬಾಯಾರಿದ ಈ ಗಾಳಿ ಮರದಿಂದ ನೀರನ್ನು ಹೀರುತ್ತದೆ. ಮರ ಕುಗ್ಗಿ ಪಿಟೀಲಿನ ಅಂಚಿನ ಬೆಸುಗೆ ಬಿಡುತ್ತದೆ, ಚೆಲ್ಲೋವಿನ ಮೈ ಸೀಳುತ್ತದೆ. ಪೆಟ್ಟಿಗೆಯೊಳಗೆ ರಂಧ್ರಗಳುಳ್ಳ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನು ಇಟ್ಟುಕೊಂಡು ತಿರುಗುವುದು ಇದಕ್ಕಾಗಿ.

ಕ್ಲಾರಿನೆಟ್ಟಿನ ಕಷ್ಟ ಇನ್ನೊಂದು ಬಗೆಯದು. ಹೊರಗಿನ ಚಳಿಯಿಂದ ಬಂದೊಡನೆ ಅದನ್ನು ಊದಿದರೆ ಬಿಸಿಯಾದ ತೇವದ ಉಸಿರು ಒಳಮೈಯನ್ನು ಹಿಗ್ಗಿಸುತ್ತದೆ. ಹೊರಮೈ ತಣ್ಣಗೇ ಉಳಿದಿರುತ್ತದೆ. ಮರ ಸೀಳಲು ಇಷ್ಟೇ ಸಾಕು. ಸೀಳದಿದ್ದರೂ ಶ್ರುತಿ ತಪ್ಪುತ್ತದೆ. ಗಾಳಿಯಲ್ಲಿ ಶಬ್ದದ ವೇಗ ೨೦ ಡಿಗ್ರಿಯಲ್ಲಿ ಸೆಕೆಂಡಿಗೆ ೩೪೩ ಮೀಟರ್, ೧೦ ಡಿಗ್ರಿಯಲ್ಲಿ ೩೩೭ ಮೀಟರ್. ಕೊಳವೆಯ ಉದ್ದ ಬದಲಾಗದೆ ವೇಗ ಮಾತ್ರ ಇಳಿದರೆ ಸ್ವರವೂ ಇಳಿಯುತ್ತದೆ. ಈ ಇಳಿತ ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅಂತರದಲ್ಲಿ ಸುಮಾರು ಮೂರನೆಯ ಒಂದು ಪಾಲು. ಜೊತೆಗಿರುವ ಪಿಯಾನೊ ಇದನ್ನು ಕ್ಷಮಿಸುವುದಿಲ್ಲ. ಆದ ಕಾರಣ ಒಂದು ಗಂಟೆ ಮುಂಚಿತವಾಗಿ ಕಟ್ಟಡವನ್ನು ಸೇರುವುದು, ಪೆಟ್ಟಿಗೆಯನ್ನು ತೆರೆಯುವ ಮುನ್ನ ಅದು ಕೊಠಡಿಯ ಉಷ್ಣಕ್ಕೆ ಬರಲು ಬಿಡುವುದು, ಕ್ಲಾರಿನೆಟ್ಟಿನ ತುಂಡುಗಳನ್ನು ಕೋಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುವುದು, ಇವು ಮೊಣಕೈಯ ಉಪದೇಶಕ್ಕಿಂತ ಎಷ್ಟೋ ಮೇಲು. ಬೆರಳಿಗೂ ಬೆಚ್ಚಗಿನ ಕೈಗವಸು ಬೇಕು. ತಣ್ಣಗಾದ ನರಗಳಲ್ಲಿ ಸಂದೇಶ ನಿಧಾನವಾಗಿ ಹರಿಯುತ್ತದೆ. ಚಳಿಯೂ ಅಡ್ರಿನಲಿನ್ನೂ ಕೂಡಿ ಬೆರಳಿನ ರಕ್ತವನ್ನು ಹಿಂದಕ್ಕೆಳೆದರೆ ವಾದಕನು ಎರಡು ಶತ್ರುಗಳೊಡನೆ ಹೋರಾಡಬೇಕಾಗುತ್ತದೆ.

ಹಿಂದಿನ ರಾತ್ರಿ ನಿದ್ದೆ ಮಾಡಿಸುವುದೂ ಇಂತಹುದೇ ನೆರವು. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಎರಿಕ್ಸನ್ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹತ್ತು ಸಾವಿರ ಗಂಟೆಗಳ ಸಾಧನೆಯ ಮಾತಿಗಾಗಿ ಎಲ್ಲರೂ ಉದ್ಧರಿಸುತ್ತಾರೆ. ಅತ್ಯುತ್ತಮರೆನಿಸಿದವರು ಉಳಿದವರಿಗಿಂತ ಹೆಚ್ಚು ನಿದ್ರಿಸುತ್ತಿದ್ದರು, ಮಧ್ಯಾಹ್ನವೂ ಮಲಗುತ್ತಿದ್ದರು ಎಂಬ ಅದೇ ಅಧ್ಯಯನದ ಮಾತು ಮಾತ್ರ ಯಾರ ನೆನಪಿನಲ್ಲಿಯೂ ಉಳಿದಿಲ್ಲ.

ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಮನೆಯವರು ಶ್ರೋತೃಗಳಾಗಿ ಕುಳಿತುಕೊಳ್ಳಬಹುದು. ಒಳಗೆ ಪರೀಕ್ಷಕರು ಯಾವ ರಚನೆಯನ್ನಾದರೂ ಕೇಳಬಹುದು, ನಡುವೆಯೇ ತಡೆದು ಇನ್ನೊಂದಕ್ಕೆ ಹೋಗಲು ಹೇಳಬಹುದು. ಅದು ಅಸಮಾಧಾನದ ಗುರುತಲ್ಲ, ವೇಳೆಯ ಅಭಾವ ಅಷ್ಟೆ. ಒಂದೇ ರಚನೆಯನ್ನು ಇಪ್ಪತ್ತು ಸಲ ತಿರುವಿಹಾಕಿದವನಿಗೆ ಇದು ದಿಗ್ಭ್ರಮೆಯನ್ನು ತರುತ್ತದೆ. ಚಿಕ್ಕಪ್ಪ, ನೆರೆಮನೆಯವರನ್ನೂ ಕೂಡಿಸಿ, ಚೀಟಿ ಎತ್ತಿ, ಬಂದ ರಚನೆಯನ್ನು ಒಂದೇ ಸಲ ನುಡಿಸಿ, ನಡುವೆ ತಡೆದು ರೂಢಿ ಮಾಡಿಸುವುದಕ್ಕೆ ಸಂಗೀತಜ್ಞಾನ ಬೇಕಾಗಿಯೇ ಇಲ್ಲ.

ಫಲಿತಾಂಶದ ವಿಚಾರದಲ್ಲಿಯೂ ಹಿರಿಯರು ತಿಳಿದಿರಬೇಕಾದುದುಂಟು. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ನುಡಿಸುವ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅದರ ಹಲವು ವರ್ಷಗಳ ಫಲಿತಾಂಶಗಳನ್ನು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ೧೯೯೬ರಲ್ಲಿ ಪರಿಶೀಲಿಸಿದಾಗ ಮೊದಲು ಬಂದವರಿಗೆ ಕೆಳಗಿನ ಸ್ಥಾನಗಳೂ ಕೊನೆಯ ದಿನಗಳಲ್ಲಿ ಬಂದವರಿಗೆ ಮೇಲಿನ ಸ್ಥಾನಗಳೂ ದೊರೆಯುವ ಒಲವು ಕಂಡಿತು. ೨೦೧೩ರಲ್ಲಿ ಚಿಯಾ-ಜುಂಗ್ ತ್ಸಾಯ್ ಇನ್ನೂ ವಿಚಿತ್ರವಾದುದನ್ನು ತೋರಿಸಿದಳು. ಸ್ಪರ್ಧೆಗಳ ತುಣುಕುಗಳಲ್ಲಿ ನಾದವನ್ನು ಮಾತ್ರ ಕೇಳಿದವರಿಗಿಂತ ಮೂಕಚಿತ್ರವನ್ನು ಮಾತ್ರ ನೋಡಿದವರೇ ವಿಜೇತರನ್ನು ಸರಿಯಾಗಿ ಊಹಿಸಿದರು, ಅವರಲ್ಲಿ ವೃತ್ತಿಪರ ಸಂಗೀತಗಾರರೂ ಇದ್ದರು. ಹದಿನೈದು ನಿಮಿಷಗಳ ತೀರ್ಪು ಅಷ್ಟೇನೂ ನಯವಾದ ತಕ್ಕಡಿಯಲ್ಲ. ಆಯ್ಕೆಯಾಗದ ಹುಡುಗಿಗೆ ಇದನ್ನು ಹೇಳುವುದು ಬರಿಯ ಸಮಾಧಾನದ ಮಾತಲ್ಲ, ಅಳೆದು ಕಂಡ ಸಂಗತಿ.

ಮನೆಯವರ ನೆರವನ್ನೇ ಕುರಿತು ಇಂಗ್ಲೆಂಡಿನಲ್ಲಿ ಡೇವಿಡ್ಸನ್, ಸ್ಲೋಬೋಡ ಮೊದಲಾದವರು ೨೫೭ ಮಕ್ಕಳನ್ನು ಅಭ್ಯಸಿಸಿ ೧೯೯೬ರಲ್ಲಿ ವರದಿ ಮಾಡಿದರು. ಸಂಗೀತದಲ್ಲಿ ಮುಂದೆ ಬಂದವರ ತಾಯಿತಂದೆಗಳು ಮಕ್ಕಳು ಚಿಕ್ಕವರಿದ್ದಾಗ ಪಾಠದಲ್ಲಿಯೂ ಅಭ್ಯಾಸದಲ್ಲಿಯೂ ಜೊತೆಗೆ ಕುಳಿತು, ಹದಿಹರೆಯದ ಹೊತ್ತಿಗೆ ಮೆಲ್ಲಮೆಲ್ಲನೆ ಹಿಂದೆ ಸರಿದಿದ್ದರು. ನಡುವೆ ಕೈಬಿಟ್ಟವರ ಮನೆಗಳಲ್ಲಿ ನಡೆದುದು ಇದರ ವಿಪರೀತ: ಮೊದಲು ಉದಾಸೀನ, ಹದಿಹರೆಯದಲ್ಲಿ ಒತ್ತಾಯ. ಹದಿನೇಳರ ಹುಡುಗಿಯ ಜೊತೆ ಪಡಸಾಲೆಯವರೆಗೆ ಬಂದ ತಂದೆ ಆ ವೇಳೆಗೆ ಪೆಟ್ಟಿಗೆ ಹೊರುವವನೂ ರೈಲಿನ ವೇಳೆ ನೋಡುವವನೂ ಆಗಿ ಉಳಿದಿದ್ದರೆ ಅದು ಕೀಳಾದ ಸ್ಥಾನವೇನೂ ಅಲ್ಲ.

ಉತ್ತರಗಳು ಬರುವುದು ಏಪ್ರಿಲಿನ ಸುಮಾರಿಗೆ. ಅಲ್ಲಿಯವರೆಗೆ ಮುಂದಿನ ಶನಿವಾರ ಇನ್ನೊಂದು ನಗರ, ಇನ್ನೊಂದು ಪಡಸಾಲೆ. ಹೊರಡುವ ಮುನ್ನ ಪೆಟ್ಟಿಗೆಯೊಳಗಿನ ಸ್ಪಂಜನ್ನು ಮತ್ತೆ ಒದ್ದೆ ಮಾಡಿಕೊಳ್ಳಬೇಕು.