ಹದಿನಾರು ಇಂಚಿನ ಫಿರಂಗಿಗೆ ಕುಲುಮೆ ಎಲ್ಲಿದೆ?

1991ರ ಫೆಬ್ರವರಿಯಲ್ಲಿ ಕುವೈತ್ ಕರಾವಳಿಯಾಚೆ ನಿಂತಿದ್ದ ಅಮೆರಿಕದ ಮಿಸೌರಿ ಮತ್ತು ವಿಸ್ಕಾನ್ಸಿನ್ ಬ್ಯಾಟಲ್‌ಶಿಪ್‌ಗಳು, ಅಂದರೆ ದಪ್ಪ ಕವಚದ, ಭಾರೀ ಫಿರಂಗಿಯ ಯುದ್ಧನೌಕೆಗಳು, ಇರಾಕಿ ಪಡೆಗಳ ಮೇಲೆ ಹದಿನಾರು ಇಂಚಿನ ಗುಂಡುಗಳ ಮಳೆಗರೆದವು. ಬ್ಯಾಟಲ್‌ಶಿಪ್‌ಗಳು ಯುದ್ಧದಲ್ಲಿ ಫಿರಂಗಿ ಹಾರಿಸಿದ್ದು ಅದೇ ಕೊನೆ. 1992ರ ಮಾರ್ಚ್ 31ರಂದು ಮಿಸೌರಿ ನಿವೃತ್ತವಾಯಿತು. ಅಲ್ಲಿಂದೀಚೆಗೆ ಯಾವ ದೇಶದ ನೌಕಾಪಡೆಯಲ್ಲೂ ಅಂಥ ಹಡಗು ಸೇವೆಯಲ್ಲಿಲ್ಲ. ಯಾವುದಾದರೂ ದೇಶ ಮನಸ್ಸು ಮಾಡಿದರೆ ಇವತ್ತು ಅದನ್ನು ಮತ್ತೆ ಕಟ್ಟಲು ಸಾಧ್ಯವೇ? ದುಡ್ಡಿನ ಮಾತು ಆಮೇಲಿರಲಿ. ಮೊದಲು ಉಕ್ಕಿನ ಮಾತು.

ಹಡಗಿನ ಒಡಲು ಕಟ್ಟುವುದು ಕಷ್ಟವೇನಲ್ಲ. ಮಿಸೌರಿಯ ಉದ್ದ 270 ಮೀಟರ್, ಪೂರ್ತಿ ಸಜ್ಜಾದಾಗ ಅದರ ತೂಕ ಸುಮಾರು 58 ಸಾವಿರ ಟನ್. ಅಮೆರಿಕದ ಇಂದಿನ ವಿಮಾನವಾಹಕ ನೌಕೆ ಜೆರಾಲ್ಡ್ ಫೋರ್ಡ್ ಒಂದು ಲಕ್ಷ ಟನ್ ತೂಗುತ್ತದೆ. ನಮ್ಮ ಕಾರವಾರದ ಕದಂಬ ನೌಕಾನೆಲೆಯ ಐಎನ್‌ಎಸ್ ವಿಕ್ರಮಾದಿತ್ಯ ತೂಕದಲ್ಲಿ ಕಡಿಮೆಯಾದರೂ ಉದ್ದದಲ್ಲಿ ಮಿಸೌರಿಯನ್ನು ಮೀರಿಸುತ್ತದೆ. ಎಂಜಿನ್, ರೇಡಾರ್, ವಿದ್ಯುತ್ ವ್ಯವಸ್ಥೆ ಎಲ್ಲವೂ ಆಗಿನದಕ್ಕಿಂತ ಎಷ್ಟೋ ಪಾಲು ಮೇಲು. ತೊಡಕಿರುವುದು ಎರಡೇ ಎರಡು ವಸ್ತುಗಳಲ್ಲಿ: ಕವಚದ ಫಲಕ ಮತ್ತು ಫಿರಂಗಿಯ ನಳಿಗೆ.

ಮಿಸೌರಿಯ ಪಕ್ಕೆಗೆ ಹೊದಿಸಿದ ಉಕ್ಕು 307 ಮಿಲಿಮೀಟರ್ ದಪ್ಪ. ಇಂದಿನ ಡಿಸ್ಟ್ರಾಯರ್‌ಗಳ ಒಡಲಿನ ಉಕ್ಕು ಬೆರಳಿನಷ್ಟು ದಪ್ಪವಿದ್ದರೆ ಹೆಚ್ಚು. ಆದರೆ ದಪ್ಪ ಇದ್ದರಷ್ಟೇ ಸಾಲದು. ತೀರಾ ಗಡುಸಾದ ಉಕ್ಕು ಬರುವ ಗುಂಡಿನ ಮೂತಿಯನ್ನು ಒಡೆಯುತ್ತದೆ, ಜೊತೆಗೆ ತಾನೂ ಸಿಡಿದು ಚೂರಾಗುತ್ತದೆ. ಮೆದು ಉಕ್ಕು ಸಿಡಿಯುವುದಿಲ್ಲ, ಆದರೆ ಗುಂಡಿಗೆ ದಾರಿ ಬಿಡುತ್ತದೆ. ಜರ್ಮನಿಯ ಕ್ರುಪ್ ಕಾರ್ಖಾನೆ 1890ರ ದಶಕದಲ್ಲಿ ಇದಕ್ಕೆ ದಾರಿ ಕಂಡುಕೊಂಡಿತು. ನಿಕಲ್, ಕ್ರೋಮಿಯಂ ಬೆರೆತ ಫಲಕವನ್ನು ಕುಲುಮೆಯಲ್ಲಿಟ್ಟು ಅದರ ಒಂದು ಮುಖಕ್ಕೆ ಮಾತ್ರ ಇಂಗಾಲ ತುಂಬಿದ ಅನಿಲವನ್ನು ದಿನಗಟ್ಟಲೆ ಹಾಯಿಸುವುದು. ಇಂಗಾಲ ನಿಧಾನವಾಗಿ ಉಕ್ಕಿನೊಳಕ್ಕೆ ಇಳಿಯುತ್ತದೆ. ಆಮೇಲೆ ಆ ಮುಖವನ್ನು ಹಿಂಬದಿಗಿಂತ ಹೆಚ್ಚು ಕಾಯಿಸಿ, ರಭಸವಾಗಿ ನೀರು ಚಿಮ್ಮಿಸಿ ತಣಿಸುವುದು. ಹೀಗೆ ಒಂದೇ ಫಲಕದ ಮುಂಭಾಗ ಗಾಜಿನಂತೆ ಗಡುಸು, ಹಿಂಭಾಗ ಬಾಗಿದರೂ ಮುರಿಯದಷ್ಟು ಗಟ್ಟಿ.

ಈ ವಿದ್ಯೆಯ ತತ್ವದಲ್ಲಿ ಗುಟ್ಟೇನೂ ಇಲ್ಲ. ಕಾರಿನ ಗೇರ್‌ಗಳ ಮೇಲ್ಮೈಯನ್ನು ಇವತ್ತಿಗೂ ಇಂಗಾಲ ಉಣಿಸಿಯೇ ಗಡುಸು ಮಾಡುತ್ತಾರೆ. ಅಲ್ಲಿ ಬೇಕಾದ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಹತ್ತಾರು ಟನ್ ತೂಗುವ ಫಲಕದಲ್ಲಿ ಗಡುಸುತನ ಸೆಂಟಿಮೀಟರುಗಟ್ಟಲೆ ಆಳಕ್ಕೆ ಇಳಿಯಬೇಕು, ಫಲಕ ಸೊಟ್ಟಗಾಗಬಾರದು, ಬಿರುಕು ಬಿಡಬಾರದು. ಯಾವ ಹೊತ್ತಿಗೆ ಎಷ್ಟು ಶಾಖ, ಎಷ್ಟು ನೀರು ಎಂಬ ಹದ ಆಯಾ ಕಾರ್ಖಾನೆಯ ಕೆಲಸಗಾರರ ಕಣ್ಣು ಕೈಗಳಲ್ಲಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇಡಿಕೆ ನಿಂತಿತು, ಕುಲುಮೆಗಳು ಕಳಚಿದವು, ಆ ಕೈಗಳೂ ಹೋದವು. ಇದನ್ನು ಮತ್ತೆ ಕಲಿಯಬಹುದು ಎಂದೇ ನನ್ನ ನಂಬಿಕೆ. ಆದರೆ ಕಾಗದದಲ್ಲಿರುವ ಸೂತ್ರ ಓದಿಕೊಂಡು ಆಗುವ ಕೆಲಸ ಇದಲ್ಲ. ಫಲಕ ಮಾಡಿ, ಅದಕ್ಕೆ ನಿಜವಾದ ಗುಂಡು ಹೊಡೆದು, ಒಡೆದದ್ದನ್ನು ಪರೀಕ್ಷಿಸಿ, ಮತ್ತೆ ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ಇನ್ನು ಫಿರಂಗಿ. ಇಪ್ಪತ್ತು ಮೀಟರ್ ಉದ್ದದ, ಸುಮಾರು 120 ಟನ್ ತೂಕದ ನಳಿಗೆ ಅದು. ಕವಚ ಸೀಳುವ ಅದರ ಗುಂಡೊಂದರ ತೂಕ 1,225 ಕಿಲೊ, ಹಾರುವ ದೂರ 38 ಕಿಲೋಮೀಟರ್. ಒಂದೇ ಉಕ್ಕಿನ ಕೊಳವೆ ಅಷ್ಟು ಒತ್ತಡ ತಾಳದು. ಆದ್ದರಿಂದ ಕೊಳವೆಯ ಮೇಲೆ ಕೊಳವೆ ತೊಡಿಸುತ್ತಿದ್ದರು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರಚುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಾದು ಹಿಗ್ಗಿದ ಹೊರಕೊಳವೆ ತಣಿಯುತ್ತಾ ಕುಗ್ಗಿ ಒಳಗಿನದನ್ನು ಬಿಗಿಯಾಗಿ ಹಿಂಡಿ ಹಿಡಿಯುತ್ತದೆ. ಮದ್ದು ಸ್ಫೋಟಿಸಿ ಹೊರಕ್ಕೆ ತಳ್ಳುವ ಹೊತ್ತಿಗೆ ಆ ಬಿಗಿತವೇ ಎದುರು ಬಲವಾಗಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದ ನಳಿಗೆ ಪೂರ್ಣ ಮದ್ದಿನ ಸುಮಾರು 290 ಗುಂಡು ಹಾರಿಸುವಷ್ಟರಲ್ಲಿ ಒಳಗಿಂದ ಸವೆದುಹೋಗುತ್ತಿತ್ತು. ಹಡಗಿನ ಒಂಬತ್ತು ನಳಿಗೆ ಮಾಡಿದರೆ ಮುಗಿಯುವುದಿಲ್ಲ, ಮಾಡುತ್ತಲೇ ಇರುವ ಕಾರ್ಖಾನೆ ಬೇಕು. ಆದರೆ ಹಿಂದೆ ಇಂಥ ಕೆಲಸ ನಡೆಯುತ್ತಿದ್ದ ವಾಷಿಂಗ್ಟನ್ನಿನ ನೌಕಾ ಫಿರಂಗಿ ಕಾರ್ಖಾನೆಯ ಕಟ್ಟಡಗಳಲ್ಲಿ ಈಗ ಕಚೇರಿಗಳಿವೆ.

ಜಪಾನಿನ ಹೊಕ್ಕೈಡೊ ದ್ವೀಪದ ಮುರೊರಾನ್‌ನಲ್ಲಿ ಮಾತ್ರ ಕಥೆ ಬೇರೆ. ಬ್ರಿಟನ್ನಿನ ಆರ್ಮ್‌ಸ್ಟ್ರಾಂಗ್ ಮತ್ತು ವಿಕರ್ಸ್ ಕಂಪನಿಗಳ ಪಾಲುದಾರಿಕೆಯಲ್ಲಿ 1907ರಲ್ಲಿ ಅಲ್ಲಿ ಹುಟ್ಟಿದ ಜಪಾನ್ ಸ್ಟೀಲ್ ವರ್ಕ್ಸ್ ನೌಕಾ ಫಿರಂಗಿಗಳಿಗಾಗಿಯೇ ಕಟ್ಟಿದ ಕಾರ್ಖಾನೆ. 1945ರ ಜುಲೈ 15ರಂದು ಮಿಸೌರಿ, ವಿಸ್ಕಾನ್ಸಿನ್ ಮತ್ತು ಅದೇ ಮಾದರಿಯ ಅಯೊವಾ ಮೂರೂ ಬಂದು ಅದೇ ಕಾರ್ಖಾನೆಯ ಮೇಲೆ ಗುಂಡು ಸುರಿದವು. ಅದು ಚೇತರಿಸಿಕೊಂಡು ಇವತ್ತು ಅಣುವಿದ್ಯುತ್ ರಿಯಾಕ್ಟರ್‌ಗಳ ಪಾತ್ರೆಗಳಿಗಾಗಿ 600 ಟನ್ನಿನ ಉಕ್ಕಿನ ಗಟ್ಟಿಗಳನ್ನು 14,000 ಟನ್ ಬಲದ ಪ್ರೆಸ್ಸಿನಡಿ ನಾದುತ್ತದೆ. ಕವಚಕ್ಕಿಂತ ಫಿರಂಗಿಯೇ ಬೇಗ ಕೈಗೆ ಬಂದೀತು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮದ್ದಿನ ವಿಚಾರ ಹೆಚ್ಚಿನವರು ಮರೆಯುತ್ತಾರೆ. 1989ರ ಏಪ್ರಿಲ್ 19ರಂದು ಅಯೊವಾದ ಎರಡನೇ ಫಿರಂಗಿ ಗೋಪುರದಲ್ಲಿ ಮದ್ದಿನ ಚೀಲಗಳು ಸ್ಫೋಟಿಸಿ 47 ನಾವಿಕರು ಸತ್ತರು. ಅದು ದಶಕಗಳ ಹಿಂದೆ ತಯಾರಾದ ಮದ್ದು. ತಪ್ಪನ್ನು ಸತ್ತವರಲ್ಲೊಬ್ಬನ ತಲೆಗೆ ಕಟ್ಟಿದ ನೌಕಾಪಡೆ 1991ರಲ್ಲಿ ಅವನ ಕುಟುಂಬದ ಕ್ಷಮೆ ಕೇಳಬೇಕಾಯಿತು. ಹಳೆಯ ಆಯುಧವನ್ನು ಬಳಕೆಗೆ ತರಬೇಕೆನ್ನುವವರು ಈ 47 ಜನರನ್ನು ನೆನೆಯಲೇಬೇಕು. ಗುಂಡು, ಮದ್ದು, ತರಬೇತಾದ ಜನ, ಮೂರೂ ಒಟ್ಟಿಗೆ ಜೀವಂತವಾಗಿರದಿದ್ದರೆ ಫಿರಂಗಿಯ ಗೋಪುರ ಒಳಗಿದ್ದವರಿಗೇ ಅಪಾಯ.

ಇಷ್ಟೆಲ್ಲ ಗೆದ್ದು ಕಟ್ಟಿದರೂ ಉಪಯೋಗವೇನು? ಜಪಾನಿನ ಯಮಾಟೊ ಹಡಗಿನ ಪಕ್ಕೆಯ ಕವಚ 410 ಮಿಲಿಮೀಟರ್ ಇತ್ತು; 1945ರ ಏಪ್ರಿಲ್‌ನಲ್ಲಿ ವಿಮಾನಗಳು ಅದನ್ನು ಮುಳುಗಿಸಿದವು. ಇಟಲಿಯ ರೋಮಾ ಹಡಗನ್ನು 1943ರಲ್ಲೇ ರೇಡಿಯೊದಿಂದ ದಾರಿ ತೋರಿಸಿದ ಜರ್ಮನ್ ಬಾಂಬು ಮುಳುಗಿಸಿತ್ತು. ಹಡಗಿಗೆ ಅಪ್ಪಳಿಸುವ ಇಂದಿನ ಕೆಲವು ಕ್ಷಿಪಣಿಗಳನ್ನು 307 ಮಿಲಿಮೀಟರ್ ಉಕ್ಕು ತಡೆದೀತು, ನಿಜ. ಆದರೆ ರೇಡಾರಿನ ಮುಖಕ್ಕೆ ಉಕ್ಕು ಹೊದಿಸಲಾಗದು, ಮತ್ತು ರೇಡಾರ್ ಕಳೆದುಕೊಂಡ ಹಡಗು ಕುರುಡು. ಬ್ರಹ್ಮೋಸ್ ಕ್ಷಿಪಣಿ ತನ್ನ ಮೊದಲ ಆವೃತ್ತಿಯಲ್ಲೇ 290 ಕಿಲೋಮೀಟರ್ ಹಾರುತ್ತಿತ್ತು. 38 ಕಿಲೋಮೀಟರಿನ ಫಿರಂಗಿ ಅಷ್ಟು ಹತ್ತಿರ ಹೋಗುವವರೆಗೆ ಎದುರಾಳಿ ಸುಮ್ಮನಿರುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಹೊಸ ಬ್ಯಾಟಲ್‌ಶಿಪ್‌ಗಳನ್ನು ಕಟ್ಟುವುದಾಗಿ ಘೋಷಿಸಿದರು. ಅವರು ವಿವರಿಸಿದ ಹಡಗಿನ ಬಲ ಕ್ಷಿಪಣಿ, ಲೇಸರ್, ವಿದ್ಯುತ್ತಿನಿಂದ ಗುಂಡು ಎಸೆಯುವ ರೈಲ್‌ಗನ್. ಹೆಸರು ಹಳೆಯದಾದರೂ ಹದಿನಾರು ಇಂಚಿನ ಫಿರಂಗಿ ಅದರಲ್ಲಿಲ್ಲ. ಈ ಯೋಜನೆಗೆ ಅಮೆರಿಕ ತನ್ನ ಜುಮ್‌ವಾಲ್ಟ್ ನೌಕೆಗಳ ಅನುಭವವನ್ನು ಮುಂದಿಟ್ಟುಕೊಳ್ಳಬೇಕು. ಅವುಗಳ 155 ಮಿಲಿಮೀಟರ್ ಫಿರಂಗಿಗೆಂದು ರೂಪಿಸಿದ ಗುಂಡಿನ ಬೆಲೆ ಒಂದಕ್ಕೆ ಎಂಟು ಲಕ್ಷ ಡಾಲರ್ ಮುಟ್ಟಿದಾಗ ಖರೀದಿಯನ್ನೇ ಕೈಬಿಡಲಾಯಿತು; ಗುಂಡಿಲ್ಲದ ಫಿರಂಗಿಗಳನ್ನು ಹೊತ್ತು ಆ ನೌಕೆಗಳು ವರ್ಷಗಟ್ಟಲೆ ಓಡಾಡಿದವು. ರೈಲ್‌ಗನ್ ಯೋಜನೆಯನ್ನೂ ಅಮೆರಿಕದ ನೌಕಾಪಡೆ 2021ರಲ್ಲಿ ನಿಲ್ಲಿಸಿತ್ತು. ಪ್ರತಿ ಹೊಡೆತಕ್ಕೂ ಒಳಗಿನ ಹಳಿಗಳು ಬೇಗನೆ ಸವೆಯುವುದು ಅದರ ದೊಡ್ಡ ತೊಡಕಾಗಿತ್ತು, ಆ ಲೋಹದ ಸಮಸ್ಯೆಯನ್ನು ಈಗ ಹೊಸದಾಗಿ ಬಿಡಿಸಬೇಕು.