ಬೆಳ್ಳಿತೆರೆಯ ಸೇನೆ ಮತ್ತು ವಿಮರ್ಶೆಯ ತಕ್ಕಡಿ

ಚಲನಚಿತ್ರವು ಕೇವಲ ಮನರಂಜನೆಯ ಸಾಧನವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಸೈನಿಕ ಜೀವನವನ್ನು ಹತ್ತಿರದಿಂದ ಕಾಣದ ಬಹುಸಂಖ್ಯಾತರಿಗೆ ಸೇನೆಯ ಪರಿಚಯವಾಗುವುದು ಬೆಳ್ಳಿತೆರೆಯಿಂದಲೇ. ಸರಸಂಬಾ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ತರುಣರು ಸೇನೆಯ ಭರ್ತಿಗೆ ಹೊರಡುವಾಗ ಅವರ ಮನಸ್ಸಿನಲ್ಲಿರುವ ಸೈನಿಕನ ಚಿತ್ರವನ್ನು ಯಾರು ಬರೆದರು ಎಂಬುದು ಶಿಕ್ಷಕರೂ ಪಾಲಕರೂ ಆಲೋಚಿಸತಕ್ಕ ವಿಷಯವಾಗಿದೆ.

ಸೇನೆಗೂ ಚಿತ್ರೋದ್ಯಮಕ್ಕೂ ಇರುವ ಸಂಬಂಧ ಹೊಸದಲ್ಲ. 1927ರಲ್ಲಿ ತೆರೆಕಂಡ ‘ವಿಂಗ್ಸ್’ ಎಂಬ ಅಮೆರಿಕದ ಮೂಕಚಿತ್ರಕ್ಕೆ ಅಲ್ಲಿಯ ಸೇನೆ ವಿಮಾನಗಳನ್ನೂ ಯೋಧರನ್ನೂ ಒದಗಿಸಿತ್ತು. ನಮ್ಮಲ್ಲಿ ಚೇತನ್ ಆನಂದರ ‘ಹಕೀಕತ್’ (1964) ಭಾರತೀಯ ಸೇನೆಯ ಸಹಕಾರದಿಂದ ಲಡಾಖಿನಲ್ಲಿ ಚಿತ್ರಿತವಾಯಿತು. ಯುದ್ಧವಿಮಾನ, ಟ್ಯಾಂಕು, ಸೇನಾನೆಲೆಗಳನ್ನು ನಿರ್ಮಾಪಕನು ಪೇಟೆಯಲ್ಲಿ ಕೊಳ್ಳಲಾರ. ಅವುಗಳನ್ನು ಕೊಡುವ ಇಲಾಖೆಯು ಕಥೆಯನ್ನು ಮೊದಲು ಓದಿ, ತನಗೆ ಒಪ್ಪದ ಭಾಗಗಳನ್ನು ತಿದ್ದಲು ಹೇಳುತ್ತದೆ. ನೆರವು ಬೇಕಾದವನು ತಿದ್ದುತ್ತಾನೆ; ಬೇಡವಾದವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ಇಲ್ಲಿ ಬಲಾತ್ಕಾರವಿಲ್ಲ, ಆದರೆ ಪ್ರಭಾವವಿದೆ.

ಅಮೆರಿಕದ ಅತಿಮಾನವ ನಾಯಕರ ಚಿತ್ರಗಳು ಈ ಮಾತಿಗೆ ಉತ್ತಮ ನಿದರ್ಶನಗಳು. ‘ಐರನ್ ಮ್ಯಾನ್’ (2008) ಶಸ್ತ್ರಾಸ್ತ್ರ ವ್ಯಾಪಾರಿಯೊಬ್ಬನ ಪಶ್ಚಾತ್ತಾಪದ ಕಥೆ. ಆದರೂ ಅದಕ್ಕೆ ಅಮೆರಿಕದ ವಾಯುಸೇನೆಯ ಸಹಕಾರ ದೊರೆಯಿತು. ‘ದಿ ಅವೆಂಜರ್ಸ್’ (2012) ಚಿತ್ರಕ್ಕೆ ಮಾತ್ರ ರಕ್ಷಣಾ ಇಲಾಖೆ ಕೈ ಹಿಂತೆಗೆಯಿತು. ಕಥೆಯಲ್ಲಿ ಬರುವ ‘ಶೀಲ್ಡ್’ ಎಂಬ ಕಾಲ್ಪನಿಕ ಸಂಸ್ಥೆ ಯಾರ ಅಧೀನ, ಸೇನೆ ಅದರ ಆಜ್ಞೆಗೆ ಒಳಪಟ್ಟಿದೆಯೇ ಎಂಬುದು ಅಲ್ಲಿ ಸ್ಪಷ್ಟವಿರಲಿಲ್ಲ. ಮುಂದೆ ವಾಯುಸೇನೆಯ ಮಹಿಳಾ ಪೈಲಟ್ ಒಬ್ಬಳನ್ನು ನಾಯಕಿಯಾಗಿಸಿದ ‘ಕ್ಯಾಪ್ಟನ್ ಮಾರ್ವೆಲ್’ 2019ರಲ್ಲಿ ಬಂದಾಗ, ಅದು ಸೇನಾಭರ್ತಿಯ ಜಾಹೀರಾತೆಂಬ ಟೀಕೆ ಬಲವಾಗಿ ಕೇಳಿಬಂದಿತು. ಆ ಟೀಕೆ ನಿರಾಧಾರವಾದುದಲ್ಲ. ಆದರೆ ಹನ್ನೊಂದು ವರ್ಷಗಳ ಹಿಂದೆ ಅದೇ ವಾಯುಸೇನೆಯ ನೆರವು ಪಡೆದ ಪುರುಷನಾಯಕನ ಚಿತ್ರವನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಿದವರು ವಿರಳ.

ನಮ್ಮ ದೇಶದಲ್ಲಿಯೂ ತಕ್ಕಡಿ ಸಮವಾಗಿಲ್ಲ. 2016ರ ಸರ್ಜಿಕಲ್ ದಾಳಿಯನ್ನು ಕುರಿತ ‘ಉರಿ’ (2019) ಜನಮನ್ನಣೆಯನ್ನೂ ರಾಷ್ಟ್ರಪ್ರಶಸ್ತಿಗಳನ್ನೂ ಗಳಿಸಿತು. 2020ರ ಜುಲೈಯಲ್ಲಿ ರಕ್ಷಣಾ ಸಚಿವಾಲಯವು, ಸೇನೆಯನ್ನು ಕುರಿತ ಚಿತ್ರಗಳಿಗೆ ನಿರಾಕ್ಷೇಪಣಾ ಪತ್ರ ಪಡೆಯುವಂತೆ ನಿರ್ಮಾಪಕರಿಗೆ ಸೂಚಿಸಬೇಕೆಂದು ಸೆನ್ಸಾರ್ ಮಂಡಳಿಗೆ ಬರೆಯಿತು. ಮರುತಿಂಗಳಲ್ಲೇ ಕಾರ್ಗಿಲ್ ಸಮರದಲ್ಲಿ ಹೆಲಿಕಾಪ್ಟರ್ ನಡೆಸಿದ ಮಹಿಳಾ ಪೈಲಟ್ ಗುಂಜನ್ ಸಕ್ಸೇನಾ ಅವರ ಕಥೆ ತೆರೆಗೆ ಬಂದಿತು. ಸಹೋದ್ಯೋಗಿಗಳು ಅವರನ್ನು ಕೀಳಾಗಿ ಕಂಡರೆಂಬ ಚಿತ್ರಣಕ್ಕೆ ವಾಯುಸೇನೆ ಆಕ್ಷೇಪವೆತ್ತಿತು. ವ್ಯಾಜ್ಯ ದೆಹಲಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಸಂಸ್ಥೆಯ ಗೌರವವನ್ನು ಕಾಯುವುದು ಸೇನೆಯ ಹಕ್ಕೆನ್ನಬಹುದು. ಆದರೆ ಅತಿಶಯೋಕ್ತಿಯ ಹೊಗಳಿಕೆಯೂ ಸತ್ಯಕ್ಕೆ ದೂರವೇ. ಅದನ್ನು ಕುರಿತು ಇಂತಹ ಪತ್ರವ್ಯವಹಾರ ನಡೆಯುವುದು ಅಪರೂಪ.

ಅದೇ ವರ್ಷ ಬಂದ ತಮಿಳು ಚಿತ್ರ ‘ಸೂರರೈ ಪೋಟ್ರು’ ಕನ್ನಡಿಗರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಬದುಕಿನಿಂದ ಪ್ರೇರಿತವಾದುದು. ವಾಯುಸೇನೆಯ ಅನುಮತಿಪತ್ರಕ್ಕಾಗಿ ಕಾದು ಅದರ ಬಿಡುಗಡೆಯೂ ಮುಂದಕ್ಕೆ ಹೋಯಿತು.

ವಿಮರ್ಶಕರೂ ಈ ದೋಷದಿಂದ ಮುಕ್ತರಲ್ಲ. ಹಿಂದಿಯ ಯುದ್ಧಚಿತ್ರದಲ್ಲಿ ಯುದ್ಧೋನ್ಮಾದವನ್ನು ಕಂಡು ಖಂಡಿಸುವ ಲೇಖನಿ, ವಿದೇಶೀ ಅತಿಮಾನವನು ನಗರವೊಂದನ್ನು ಧೂಳಿಪಟ ಮಾಡಿದಾಗ ‘ಅದು ಮಕ್ಕಳ ಆಟ’ವೆಂದು ಸುಮ್ಮನಾಗುತ್ತದೆ. ಇನ್ನು ಕೆಲವರು ವಿದೇಶೀ ಚಿತ್ರದಲ್ಲಿ ಸಾಮ್ರಾಜ್ಯಶಾಹಿಯನ್ನು ಕಾಣುತ್ತಾರೆ. ಸ್ವದೇಶದ ಚಿತ್ರವನ್ನು ಪ್ರಶ್ನಿಸಿದವನನ್ನು ದೇಶದ್ರೋಹಿಯೆಂದು ಕರೆಯುತ್ತಾರೆ. ಇಬ್ಬರೂ ತೂಗುವುದು ಚಿತ್ರವನ್ನಲ್ಲ, ತಮ್ಮ ಒಲವನ್ನು.

ಕನ್ನಡ ಚಿತ್ರರಂಗ ಬೇರೊಂದು ದಾರಿಯನ್ನು ತೋರಿದೆ. ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಚಿತ್ರದಲ್ಲಿ ವಿಷ್ಣುವರ್ಧನ್ ಅಭಿನಯಿಸಿದ ಕೊಡಗಿನ ಯೋಧ ಅಚ್ಚಪ್ಪ ಶೂರನೂ ಹೌದು, ನೊಂದವನೂ ಹೌದು. ಸೈನಿಕನ ಶೌರ್ಯದ ಬೆಲೆಯನ್ನು ಅವನ ಮನೆಯೂ ತೆರುತ್ತದೆಂಬುದನ್ನು ಅದು ಮರೆಮಾಚುವುದಿಲ್ಲ.

ಈ ಪ್ರಾಂತದ ಹಿರಿಯರಿಗೆ ಸೇನೆಯ ಅನುಭವ ತೆರೆಯಿಂದ ಬಂದುದಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದಲ್ಲಿ ನಡೆಸಿದ ಕಾರ್ಯಾಚರಣೆಗೆ ‘ಪೊಲೀಸ್ ಆಕ್ಷನ್’ ಎಂಬ ಹೆಸರು ಬಂದಿತು. ನಡೆಸಿದುದು ಸೇನೆ, ಹೆಸರು ಪೊಲೀಸರದು! ರಜಾಕಾರರ ಉಪಟಳದಿಂದ ಬಿಡುಗಡೆ ಹೊಂದಿದ ನೆಮ್ಮದಿಯೂ ಅನಂತರದ ಹಿಂಸೆಯಲ್ಲಿ ಬೆಂದವರ ನೋವೂ ಈ ನೆಲದ ಸ್ಮೃತಿಯಲ್ಲಿ ಒಟ್ಟಿಗೆ ಇವೆ. ಇವುಗಳಲ್ಲಿ ಒಂದನ್ನೇ ತೋರಿಸುವ ಚಿತ್ರ ಅರ್ಧಸತ್ಯವನ್ನು ಮಾತ್ರ ಹೇಳೀತು.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮರಾಶಿಯ ಅಡಿಯಲ್ಲಿ ಆರು ದಿನ ಜೀವ ಹಿಡಿದಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ ಹಾರುವ ಕವಚವಿರಲಿಲ್ಲ. ಅತಿಮಾನವನು ಮುಂದಿನ ಭಾಗದಲ್ಲಿ ಮತ್ತೆ ಎದ್ದುಬರುತ್ತಾನೆ; ಹಳ್ಳಿಯಿಂದ ಹೋದ ಸೈನಿಕನಿಗೆ ಮುಂದಿನ ಭಾಗವೆಂಬುದಿಲ್ಲ. 2022ರ ಅಗ್ನಿಪಥ ಯೋಜನೆಯಡಿ ಸೇರುವ ತರುಣನಿಗೆ ನಾಲ್ಕು ವರ್ಷಗಳ ಸೇವೆ. ಕಾಯಂ ಆಗುವವರು ಶೇಕಡಾ 25ರಷ್ಟು ಮಾತ್ರ. ಇದನ್ನು ಯಾವ ಚಿತ್ರವೂ ಅವನಿಗೆ ವಿವರಿಸಿ ಹೇಳುವುದಿಲ್ಲ.

ಆದುದರಿಂದ ವಿದ್ಯಾರ್ಥಿಗಳಿಗೆ ಚಿತ್ರ ನೋಡಬೇಡಿರೆಂದು ಹೇಳುವುದು ಪರಿಹಾರವಲ್ಲ. ಪ್ರತಿ ಚಿತ್ರಕ್ಕೂ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಕಲಿಸುವುದು ಲೇಸು: ಇದಕ್ಕೆ ನೆರವಿತ್ತವರು ಯಾರು? ಇದು ತೋರಿಸದೆ ಬಿಟ್ಟುದೇನು? ನಮ್ಮ ಪಕ್ಷದ ಚಿತ್ರವಾಗಿದ್ದರೆ, ಅಥವಾ ಎದುರು ಪಕ್ಷದ್ದಾಗಿದ್ದರೆ, ಇದೇ ಮಾತನ್ನು ಆಡುತ್ತಿದ್ದೆವೇ? ಈ ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬಲ್ಲ ತರುಣನು ಸೇನೆಗೆ ಸೇರಿದರೂ, ಊರಲ್ಲೇ ಉಳಿದು ಹೊಲ ಉತ್ತರೂ, ಕಣ್ಣು ತೆರೆದೇ ತನ್ನ ದಾರಿಯನ್ನು ಆರಿಸಿಕೊಂಡಿರುತ್ತಾನೆ.