ನಿಮಗಿದು ಗೊತ್ತೆ? ಡಯಲ್ ಪೂರೈಸುತ್ತಿದ್ದವರೇ ವಾಚ್ ಕಂಪನಿಯ ಒಡೆಯರಾದರು!

ದುಬಾರಿ ಕೈಗಡಿಯಾರಗಳ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರು ಸ್ವಿಟ್ಜರ್ಲೆಂಡ್‌ನ ಪಟೆಕ್ ಫಿಲಿಪ್. ದೊಡ್ಡ ಉದ್ಯಮ ಸಮೂಹಗಳ ಪಾಲಾಗದೆ ಇಂದಿಗೂ ಒಂದೇ ಕುಟುಂಬದ ಒಡೆತನದಲ್ಲಿ ಉಳಿದಿರುವ ಕಂಪನಿ ಇದು.

● ಪೋಲೆಂಡ್‌ ಮೂಲದ ಆಂಟನಿ ಪಟೆಕ್ 1839ರಲ್ಲಿ ಪಾಲುದಾರ ಚಾಪೆಕ್ ಜತೆಗೂಡಿ ಜಿನೀವಾದಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದರು.

● ಆಗಿನ ಜೇಬುಗಡಿಯಾರಗಳಿಗೆ ಕೀ ಕೊಡಲು ಪ್ರತ್ಯೇಕ ಪುಟ್ಟ ಕೀಲಿಯೇ ಬೇಕಿತ್ತು. ಅದು ಕಳೆದುಹೋದರೆ ಗಡಿಯಾರ ನಿಂತಂತೆಯೇ! ಫ್ರಾನ್ಸಿನ ಏಡ್ರಿಯನ್ ಫಿಲಿಪ್, ಗಡಿಯಾರದಲ್ಲೇ ಇರುವ ತಿರುಪನ್ನು ಬೆರಳಿನಿಂದ ತಿರುಗಿಸಿ ಕೀ ಕೊಡುವ, ಮುಳ್ಳುಗಳನ್ನೂ ಹೊಂದಿಸುವ ವ್ಯವಸ್ಥೆ ರೂಪಿಸಿದರು. 1845ರಲ್ಲಿ ಅವರು ಪಟೆಕ್ ಜತೆ ಸೇರಿದರು. 1851ರಲ್ಲಿ ಇಬ್ಬರ ಹೆಸರೂ ಕಂಪನಿಯ ಹೆಸರಾಯಿತು.

● 1929ರ ಆರ್ಥಿಕ ಮಹಾಕುಸಿತದಿಂದ ಕಂಪನಿ ಸಂಕಷ್ಟಕ್ಕೆ ಸಿಲುಕಿತು. ಆಗ ಕೈಹಿಡಿದವರು ಅದಕ್ಕೆ ಡಯಲ್ ಪೂರೈಸುತ್ತಿದ್ದ ಸ್ಟರ್ನ್ ಸಹೋದರರಾದ ಚಾರ್ಲ್ಸ್ ಮತ್ತು ಜೀನ್. 1932ರಲ್ಲಿ ಅವರು ಕಂಪನಿಯನ್ನೇ ಖರೀದಿಸಿದರು. 2009ರಲ್ಲಿ ನಾಲ್ಕನೇ ತಲೆಮಾರಿನ ಥಿಯರಿ ಸ್ಟರ್ನ್ ಅಧ್ಯಕ್ಷರಾದರು.

● 150ನೇ ವರ್ಷದ ನೆನಪಿಗೆ 1989ರಲ್ಲಿ ಹೊರತಂದ ‘ಕ್ಯಾಲಿಬರ್ 89’ ಜೇಬುಗಡಿಯಾರದಲ್ಲಿ 1,728 ಬಿಡಿಭಾಗಗಳಿವೆ. ವರ್ಷದಿಂದ ವರ್ಷಕ್ಕೆ ಬದಲಾಗುವ ಈಸ್ಟರ್ ಹಬ್ಬದ ದಿನವನ್ನೂ ಅದು ತೋರಿಸುತ್ತಿತ್ತು.

● 2019ರಲ್ಲಿ ಜಿನೀವಾದಲ್ಲಿ ನಡೆದ ಹರಾಜಿನಲ್ಲಿ ಈ ಕಂಪನಿಯ ಸ್ಟೀಲ್ ಕೈಗಡಿಯಾರವೊಂದು 3.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಮಾರಾಟವಾಯಿತು. ಮಕ್ಕಳ ಸ್ನಾಯುಗಳನ್ನು ಕ್ಷೀಣಗೊಳಿಸುವ ಡುಶೇನ್ ಕಾಯಿಲೆಯ ಸಂಶೋಧನೆಗೆ ನೆರವಾಗಲೆಂದು ನಡೆಸಿದ ಹರಾಜು ಅದು.